ವಿದ್ಯಾರ್ಥಿ ಸಂಖ್ಯೆ ೪೧೭೨

ಧಾರವಾಡ
೧೨ ಜೂನ್ ೧೯೮೯

ಶ್ರೀಮತಿ ಗಂಗರತ್ನಮ್ಮನವರಿಗೆ ರಾಮಚಂದ್ರಪ್ಪನ ನಮಸ್ಕಾರಗಳು.

ಬೆಂಗಳೂರಿನ ತರಬೇತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, "ಈ ಪೆಟ್ಟಿಗೆ ಕೆಟ್ಟರೆ ಬಡಗಿಯನ್ನು ಕರೆಯಬೇಕೋ, ಕಮ್ಮಾರನನ್ನೋ" ಎಂದು ಕೇಳಿದವರು ನೀವೇ ತಾನೆ? ಅಂದು ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಆ ಪ್ರಶ್ನೆ ಕೇಳುವ ಧೈರ್ಯ ಇದ್ದವರು ನೀವೊಬ್ಬರೇ ಎಂದು ಆಮೇಲೆ ಅನ್ನಿಸಿತು. ಕಂಪ್ಯೂಟರನ್ನು ಚಿನ್ನದ ಗಣಿಯ ಊರಿಗಾಂಗೆ ಕಳಿಸಿದ್ದೇವೆ. ಶಾಲೆ ಬಿಟ್ಟ, ನಪಾಸಾದ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಕಲಿಸುವ ಈ ಪ್ರಯೋಗವನ್ನು ನಮ್ಮ ಕೇಂದ್ರ ರಾಜ್ಯದಲ್ಲಿ ಕೆಲವೇ ಕಡೆ ಮಾಡುತ್ತಿದೆ; ನಿಮ್ಮಲ್ಲಿ ಗಣಿ ಕೆಲಸಗಾರರ ಸಾಲುಮನೆಗಳ, ಅಂದರೆ ಲೈನುಗಳ, ಮಕ್ಕಳಿಗೆ. ಪಾಠಗಳನ್ನು ಬರೆದವನು ನಾನೇ ಆದ್ದರಿಂದ ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

ಪಾಠದಲ್ಲಿ ಎಂಟು ಮೆಟ್ಟಿಲುಗಳಿವೆ. ಮಗು ಸರಿ ಉತ್ತರ ಕೊಟ್ಟ ಹಾಗೆ ಯಂತ್ರ ಅದನ್ನು ಮೇಲಕ್ಕೆ ಹತ್ತಿಸುತ್ತದೆ. ಮಗು ಎದ್ದು ಹೋದ ಮೇಲೂ ಹಳೆಯ ಉತ್ತರಗಳನ್ನೆಲ್ಲ ತೂಗಿ ನೋಡಿ, ಕಲಿತದ್ದು ಗಟ್ಟಿಯಾಗಿಲ್ಲ ಎನ್ನಿಸಿದರೆ ಕೆಳಗಿಳಿಸಿಡುತ್ತದೆ. ಹಾಗಾಗಿ ನಿನ್ನೆ ನಿಂತಲ್ಲೇ ಇವತ್ತು ಶುರುವಾಗದಿದ್ದರೆ ಗಾಬರಿಯಾಗಬೇಡಿ. ತಿಂಗಳಿಗೊಮ್ಮೆ ಡಿಸ್ಕನ್ನು ನನಗೆ ಅಂಚೆಯಲ್ಲಿ ಕಳಿಸಿ.

ಬಹಳ ಮುಖ್ಯವಾದ ಒಂದು ಮಾತು. ಮಕ್ಕಳ ಹೆಸರು ನನಗೆ ಬೇಡ. ಹೆಸರು ಗೊತ್ತಾದರೆ ಜಾತಿ ಗೊತ್ತಾಗುತ್ತದೆ, ಹೆಣ್ಣೋ ಗಂಡೋ ಗೊತ್ತಾಗುತ್ತದೆ, ನಮ್ಮ ಕಣ್ಣು ಕೆಡುತ್ತದೆ. ಪ್ರತಿ ಮಗುವೂ ಮರೆಯದಂಥ ನಾಲ್ಕಂಕಿಯ ಒಂದು ಸಂಖ್ಯೆಯನ್ನು ಒತ್ತಿ ಒಳಗೆ ಹೋಗಲಿ. ಎಂಟನೇ ಮೆಟ್ಟಿಲು ಮುಟ್ಟಿದ ಒಬ್ಬರಿಗೆ ಬರುವ ವರ್ಷ ಇಲ್ಲಿ ಧಾರವಾಡದಲ್ಲಿ ಎರಡು ವರ್ಷದ ತರಬೇತಿ ಕೊಡುತ್ತೇವೆ. ಊಟ, ವಸತಿ ನಮ್ಮದೇ, ಮುಗಿದ ಮೇಲೆ ಕೆಲಸವೂ ಸಿಗುತ್ತದೆ. ನಿಮ್ಮ ಊರಿಗೆ ಒಂದೇ ಸೀಟು.

ನಾನೂ ನಿಮ್ಮ ಕಡೆಯವನೇ, ಮುಳಬಾಗಿಲಿನವನು. ಆದರೆ ಗಣಿಯ ಲೈನುಗಳಿಗೆ ಎಂದೂ ಕಾಲಿಟ್ಟವನಲ್ಲ.

ವಿಶ್ವಾಸದಿಂದ,
ರಾಮಚಂದ್ರಪ್ಪ


ಬಂಗಾರಪೇಟೆ
೯ ಜುಲೈ ೧೯೮೯

ರಾಮಚಂದ್ರಪ್ಪನವರೇ,

ನಿಮ್ಮ ಪೆಟ್ಟಿಗೆ ಹಲ್ಲು ಮುರಿಯದೆ ಬಂದು ಸೇರಿತು. ಹಿಂದೆ ಗಣಿಯ ಬಿಳಿ ದೊರೆಗಳು ಬಿಲಿಯರ್ಡ್ಸ್ ಆಡುತ್ತಿದ್ದ ಕೋಣೆಯಲ್ಲಿ ಇಟ್ಟಿದ್ದೇವೆ. ಗಾಳಿ ಎದ್ದರೆ, ಚಿನ್ನ ತೆಗೆದು ಸುರಿದ ಪುಡಿಗಲ್ಲಿನ ಸಯನೈಡ್ ದಿಬ್ಬದ ಬಿಳಿ ಧೂಳು ಹಿಟ್ಟಿನ ಗಿರಣಿಯ ಹಾಗೆ ಒಳಗೆ ಬರುತ್ತದೆ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದ್ದೇನೆ. ನಾನು ದಿನಾ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಬಂದು, ಹಗಲೆಲ್ಲ ಶಾಲೆಯಲ್ಲಿ ಗಂಟಲು ಹರಿದುಕೊಂಡು, ಸಂಜೆ ಇದರ ಮುಂದೆ ಕೂರುತ್ತೇನೆ. ನಮ್ಮ ಮನೆಯವರು ಹಸುಗಳ ಜೊತೆ ಇರುವವರು. "ನೀನು ಇಷ್ಟೊತ್ತು ಆಲು ಕರೆದಿದ್ರೆ ಡೈರಿಯೋರು ಬೋನಸ್ಸಾದ್ರೂ ಕೊಡ್ತಿದ್ರು" ಅಂತ ಗೊಣಗುತ್ತಾರೆ, ಆದರೆ ಸ್ಟೇಷನ್ನಿಗೆ ಸೈಕಲ್ ತರುವುದನ್ನು ಮಾತ್ರ ತಪ್ಪಿಸುವುದಿಲ್ಲ.

ಹೆಣ್ಣುಮಕ್ಕಳೂ ಗಂಡುಮಕ್ಕಳೂ ಒಟ್ಟಿಗೆ ಕೂತರೆ ಕಳಿಸುವುದಿಲ್ಲ ಎಂದು ಲೈನಿನ ಹಿರಿಯರು ಹೇಳಿದರು. ಅದಕ್ಕೇ ದಿನ ಬಿಟ್ಟು ದಿನ, ಒಂದು ದಿನ ಇವರು, ಒಂದು ದಿನ ಅವರು.

ನಿಮ್ಮ ನಾಲ್ಕಂಕಿ ಸಂಖ್ಯೆಗೆ ನಾನು ಏನೂ ಕಷ್ಟಪಡಲಿಲ್ಲ. "ನಿಮ್ಮ ನಿಮ್ಮ ನಂಬರು ಒತ್ತಿ" ಎಂದೆ, ಒತ್ತಿದರು. ಇಲ್ಲಿನ ಮಕ್ಕಳಿಗೆ ಮಗ್ಗಿಗಿಂತ ಮೊದಲು ನಂಬರು ಬಾಯಿಗೆ ಬಂದಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಮನೆ ಹೆಸರಿನಿಂದ ಗುರುತಿಸುತ್ತಾರೆ, ಲೈನಿನಲ್ಲಿ ನಂಬರಿನಿಂದ.

ಬಂದವರಲ್ಲಿ ಮಾರಿಯಮ್ಮ ಅಂತ ಒಬ್ಬಳು, ಹದಿನಾರರ ಹುಡುಗಿ. ಅಪ್ಪ ಕುಪ್ಪುಸ್ವಾಮಿ, ಇಲ್ಲಿನ ನಂದಿದುರ್ಗ ಎಂಬ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸ. ಕಲ್ಲಿನ ಪುಡಿ ಕುಡಿದು ಕುಡಿದು ಎದೆ ಕೆಟ್ಟಿದೆ. ಅವನ ಆರೈಕೆಗೆ ನಿಂತೇ ಇವಳು ಒಂಬತ್ತನೇ ಕ್ಲಾಸು ಬಿಟ್ಟಳು. ಈಗ ಹಗಲು ಊದುಬತ್ತಿ ಹೊಸೆಯುತ್ತಾಳೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬಾಯಿ ಬಿಡದ ಹುಡುಗಿ. ಅವಳ ತಮ್ಮ ಸೀನಪ್ಪನೂ ಹುಡುಗರ ದಿನ ಬರುತ್ತಾನೆ, ಕಲಿಯಲು ಅಲ್ಲ, ಗುಂಡಿ ಒತ್ತುವುದಕ್ಕೆ. ಅವನನ್ನು ಕಪಿಗಳ ಲೆಕ್ಕಕ್ಕೆ ಸೇರಿಸಿ.

ಗಂಗರತ್ನಮ್ಮ


ಧಾರವಾಡ
೨೨ ಆಗಸ್ಟ್ ೧೯೮೯

ಗಂಗರತ್ನಮ್ಮನವರೇ,

ಮೊದಲ ಡಿಸ್ಕ್ ಬಂತು. ಅಂಚೆಯವರು ಅದರ ಮೇಲೇ ಮುದ್ರೆ ಕುಟ್ಟಿದ್ದರೂ ದೇವರ ದಯೆ, ಓದಲು ಬಂತು. ನಿಮ್ಮ ಮಕ್ಕಳು ಸಂಖ್ಯೆ ಮರೆಯುವುದೇ ಇಲ್ಲ, ಬೇರೆ ಊರುಗಳಲ್ಲಿ ಅರ್ಧದಷ್ಟು ಮಕ್ಕಳು ದಿನಕ್ಕೊಂದು ಸಂಖ್ಯೆ ಒತ್ತಿ ಎಲ್ಲ ಕಲಸುಮೇಲೋಗರವಾಗಿದೆ. ನಿಮ್ಮ ಶಿಸ್ತನ್ನು ಇಲ್ಲಿನ ಸಭೆಯಲ್ಲಿ ಹೊಗಳಿದೆ.

ನೀವು ಹೆಸರುಗಳನ್ನು ಬರೆದಿದ್ದೀರಿ. ಓದಿದೆ, ಆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ. ನಾನು ಓದುವಾಗ ನನ್ನ ಹೆಸರು ಕೇಳಿದ ಕೂಡಲೇ ಹಿಂದಿನ ಬೆಂಚಿಗೆ ಕಳಿಸಿದ ಮೇಷ್ಟ್ರುಗಳು ಇದ್ದರು. ಮುಖ ನೋಡದ ಒಬ್ಬ ಮೇಷ್ಟರನ್ನು ಮಾಡಬೇಕು ಎಂಬ ಹಟ ನನಗೆ ಅಲ್ಲಿಂದ ಬಂದದ್ದು.

ರಾಮಚಂದ್ರಪ್ಪ


ಬಂಗಾರಪೇಟೆ
೨೪ ಸೆಪ್ಟೆಂಬರ್ ೧೯೮೯

ರಾಮಚಂದ್ರಪ್ಪನವರೇ,

ನಿಮ್ಮ ಹಟ ನನಗೆ ಅರ್ಥವಾಯಿತು. ಅದನ್ನೇ ಮಕ್ಕಳಿಗೂ ಹೇಳಿದೆ. "ಈ ಮಿಷನ್ನು ಯಾರ ಮುಖವನ್ನೂ ನೋಡಲ್ಲ, ಯಾರಿಗೂ ಸುಳ್ಳು ಹೇಳಲ್ಲ, ನೀವು ಎಷ್ಟು ಕಲಿತಿದ್ದೀರೋ ಅಷ್ಟೇ ಹೇಳುತ್ತೆ" ಎಂದೆ. ಎಲ್ಲರಿಗಿಂತ ಹೆಚ್ಚು ಅದನ್ನು ಕಿವಿಗೆ ಹಾಕಿಕೊಂಡವಳು ಮಾರಿಯಮ್ಮ.

ಅವಳು ಕೂರುವುದನ್ನು ನೀವು ನೋಡಬೇಕಿತ್ತು. ಕೈಗೆ ಅಂಟಿದ ಊದುಬತ್ತಿಯ ಕರಿಯನ್ನು ಹೊರಗೆ ನಲ್ಲಿಯಲ್ಲಿ ಉಜ್ಜಿ ಉಜ್ಜಿ ತೊಳೆದು, ಲಂಗಕ್ಕೆ ಒರೆಸಿ, ಆಮೇಲೆ ಒಂದು ಬೆರಳು ಮಾತ್ರ ಚಾಚುತ್ತಾಳೆ. ಲೆಕ್ಕ ಬಂದ ಕೂಡಲೇ ಒತ್ತುವುದಿಲ್ಲ. ತುಟಿ ಅಲ್ಲಾಡುತ್ತದೆ, ಕಣ್ಣು ಮುಚ್ಚುತ್ತದೆ, ಆಮೇಲೆ ಒತ್ತುತ್ತಾಳೆ. ತಪ್ಪಾಗುವುದು ಅಪರೂಪ. ಮೊನ್ನೆ ಕೇಳಿದೆ, ಶಾಲೆಯಲ್ಲಿ ಯಾಕೆ ಹೀಗೆ ಹೇಳುತ್ತಿರಲಿಲ್ಲ ಅಂತ. "ಅಲ್ಲಿ ಎಲ್ರೂ ನೋಡ್ತಿದ್ರು ಮಿಸ್. ಇದು ಕಾಯ್ತದೆ, ನಗಲ್ಲ" ಎಂದಳು. ಇಷ್ಟು ದಿನದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ರೈಲಿನಲ್ಲಿ ಬರುತ್ತಾ ನನಗೆ ಕಣ್ಣೀರು ಬಂತು, ಎದುರಿಗೆ ಕೂತ ಹಾಲಿನವಳು ಮನೆಯಲ್ಲಿ ಯಾರು ಹೋದರು ಎಂದು ಕೇಳಿದಳು.

ಒಂದು ಅನುಮಾನ. ಶುಕ್ರವಾರ ಐದನೇ ಮೆಟ್ಟಿಲಲ್ಲಿ ಬಿಟ್ಟವಳು ಸೋಮವಾರ ಬಂದರೆ ಮೂರರಲ್ಲಿರುತ್ತಾಳೆ. ನೀವು ಹೇಳಿದ ತೂಗುವ ಕೆಲಸ ಇದೇ ಇರಬೇಕು ಎಂದು ಸಮಾಧಾನ ಹೇಳಿದೆ. ಆದರೂ ಸ್ವಲ್ಪ ಜಾಸ್ತಿ ತೂಗುತ್ತಿಲ್ಲವೇ?

ಗಂಗರತ್ನಮ್ಮ


ಧಾರವಾಡ
೮ ನವೆಂಬರ್ ೧೯೮೯

ಗಂಗರತ್ನಮ್ಮನವರೇ,

ತಡವಾಯಿತು, ಕ್ಷಮಿಸಿ. ಉಳಿದ ಮಕ್ಕಳ ಪ್ರಗತಿ ಚೆನ್ನಾಗಿದೆ. ೨೨೯೦ ನಿಧಾನವಾದರೂ ಗಟ್ಟಿ ಹೆಜ್ಜೆ.

ನನಗೆ ತಲೆನೋವಾಗಿರುವುದು ೪೧೭೨. ಇದು ಹಾವು ಏಣಿ ಆಟದ ಹಾಗಿದೆ. ಒಂದು ದಿನ ಸರಸರ ಏರುತ್ತದೆ, ಮರುದಿನ ಕಣ್ಣು ಮುಚ್ಚಿ ಗುಂಡಿ ಒತ್ತಿದ ಹಾಗೆ ಎಲ್ಲ ತಪ್ಪು. ಒಬ್ಬರಿಗೇ ಒಂದೇ ವಾರದಲ್ಲಿ ಇಷ್ಟು ಬುದ್ಧಿಯೂ ಇಷ್ಟು ಮಂಕೂ ಬರುವುದಿಲ್ಲ. ಯಾರೋ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುತ್ತಿದ್ದಾರೆ, ಅವರಿಲ್ಲದ ದಿನ ಬಣ್ಣ ಬಯಲಾಗುತ್ತಿದೆ ಎಂದೇ ನನ್ನ ಊಹೆ. ಹೊಸ ಡಿಸ್ಕ್ ಕಳಿಸಿದ್ದೇನೆ. ಇಂಥ ಹೊಯ್ದಾಟ ಕಂಡವರನ್ನು ಯಂತ್ರ ನಾಲ್ಕನೇ ಮೆಟ್ಟಿಲಿಂದ ಮೇಲಕ್ಕೆ ಬಿಡುವುದಿಲ್ಲ. ಇದು ಶಿಕ್ಷೆಯಲ್ಲ, ಅಡಿಪಾಯ.

ರಾಮಚಂದ್ರಪ್ಪ


ಬಂಗಾರಪೇಟೆ
೨೬ ನವೆಂಬರ್ ೧೯೮೯

ರಾಮಚಂದ್ರಪ್ಪನವರೇ,

೪೧೭೨ ಯಾರದ್ದು ಎಂದು ಮೊನ್ನೆ ಕ್ಲಾಸಿನಲ್ಲಿ ಕೇಳಿದೆ. ಅವತ್ತು ಹೆಣ್ಣುಮಕ್ಕಳ ದಿನ. ಮಾರಿಯಮ್ಮ ಎದ್ದು ನಿಂತಳು.

ಅವಳಿಗೆ ಯಾರೂ ಹೇಳಿಕೊಡುವುದಿಲ್ಲ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ನನಗಿಂತ ಮುಂಚೆ ಅವಳಿಗೆ ಉತ್ತರ ಬರುತ್ತದೆ. ನೀವು ಧಾರವಾಡದಲ್ಲಿ ಕೂತು ಊರಿಗಾಂನಲ್ಲಿ ಕಳ್ಳರನ್ನು ಹಿಡಿಯುತ್ತೀರಲ್ಲ, ದೊಡ್ಡ ವಿದ್ಯೆ. ಇದರ ಜೊತೆ ಅವಳು ಕಾಗದದ ಮೇಲೆ ಮಾಡಿದ ಲೆಕ್ಕಗಳನ್ನು ಕಳಿಸಿದ್ದೇನೆ. ನನ್ನ ಕಣ್ಣೆದುರಿಗೆ ಮಾಡಿದ್ದು. ನೋಡಿ, ಆಮೇಲೆ ಹೇಳಿ.

ಆ ತಡೆಯನ್ನು ತೆಗೆಯಿರಿ. ಆ ಹುಡುಗಿಗೆ ಬಹಳ ಸಮಯ ಇಲ್ಲ. ಯಾಕೆ ಎಂದು ಕೇಳಬೇಡಿ.

ಗಂಗರತ್ನಮ್ಮ


ಧಾರವಾಡ
೧೦ ಜನವರಿ ೧೯೯೦

ಗಂಗರತ್ನಮ್ಮನವರೇ,

ಹೊಸ ವರ್ಷದ ಶುಭಾಶಯಗಳು. ನೀವು ಕಳಿಸಿದ ಹಾಳೆಗಳನ್ನು ನೋಡಿದೆ. ಮುತ್ತಿನಂಥ ಅಕ್ಷರ, ಸಂತೋಷವಾಯಿತು. ಆದರೆ ಒಬ್ಬ ಹುಡುಗಿಯ ಮೇಲೆ ನಿಮಗೆ ಮಮತೆ ಬೆಳೆದಿದೆ, ಅದು ಸಹಜ. ಮಮತೆಯಿರುವ ಕಣ್ಣು ತಪ್ಪನ್ನು ಕಾಣುವುದಿಲ್ಲ ಎಂದೇ ನಾವು ಯಂತ್ರದ ಮೊರೆ ಹೋದದ್ದು. ಅವಳಿಗೆಂದು ನಿಯಮ ಸಡಿಲಿಸಿದರೆ ಉಳಿದ ಮಕ್ಕಳಿಗೆ ಏನು ಹೇಳುವುದು? ಎರಡು ತಿಂಗಳು ಹೊಯ್ದಾಟವಿಲ್ಲದೆ ನಡೆದರೆ ತಡೆ ತಾನಾಗಿ ತೆರೆಯುತ್ತದೆ.

ಮುಂದಿನ ತಿಂಗಳು ದೆಹಲಿಯಲ್ಲಿ ನಮ್ಮ ಪ್ರಯೋಗದ ಬಗ್ಗೆ ಮಾತನಾಡಬೇಕಾಗಿದೆ. ಕೈತುಂಬ ಕೆಲಸ.

ರಾಮಚಂದ್ರಪ್ಪ


ಬಂಗಾರಪೇಟೆ
೨೧ ಜನವರಿ ೧೯೯೦

ರಾಮಚಂದ್ರಪ್ಪನವರೇ,

ಮಾರಿಯಮ್ಮನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ. ಎಡಗೈಯಲ್ಲಿ ಬರೆಯುತ್ತಾಳೆ, ಶಾಯಿಯೆಲ್ಲ ಅಂಗೈಗೆ ಬಳಿದಿರುತ್ತದೆ. ನೀವು ನೋಡಿದ ಮುತ್ತು ಯಾವ ಸಮುದ್ರದ್ದೋ ನನಗೆ ಗೊತ್ತಿಲ್ಲ.

ಗಂಗರತ್ನಮ್ಮ


ಬಂಗಾರಪೇಟೆ
೪ ಮಾರ್ಚ್ ೧೯೯೦

ರಾಮಚಂದ್ರಪ್ಪನವರೇ,

ನೀವು ಉತ್ತರ ಬರೆಯಲಿಲ್ಲ. ಕೋಪವಿರಬಹುದು, ದೆಹಲಿಯಿರಬಹುದು. ಕೋಪವಾದರೆ ನನ್ನ ಮೇಲಿರಲಿ, ಆ ಹುಡುಗಿಯ ಮೇಲೆ ಬೇಡ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ, ಆದರೂ ಬೇಡುತ್ತಿದ್ದೇನೆ. ನೀವೇ ಒಂದು ದಿನ ಬಂದು ಅವಳನ್ನು ಕೂರಿಸಿ ಪರೀಕ್ಷೆ ಮಾಡಿ.

ಈಗ ಅವಳು ತುಟಿ ಅಲ್ಲಾಡಿಸುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಬಂದು ಕೂರುತ್ತಾಳೆ, ನಾಲ್ಕನೇ ಮೆಟ್ಟಿಲಿನ ಅದೇ ಭಿನ್ನರಾಶಿಯನ್ನು ಮತ್ತೆ ಮಾಡುತ್ತಾಳೆ, ಎದ್ದು ಹೋಗುತ್ತಾಳೆ. ಹೋದ ವಾರ ತಡೆದು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನಂಗೆ ತಲೇಲಿ ನಿಲ್ಲಲ್ಲ ಮಿಸ್. ಆಗ ಬಂದಂಗೆ ಕಾಣ್ತದೆ, ಆಮೇಲೆ ಓಗ್ಬಿಡ್ತದೆ."

"ಇಲ್ಲ ಕಣೇ, ನಿಂಗೆ ಚೆನ್ನಾಗಿ ಬರುತ್ತೆ. ನಾನು ನೋಡ್ತಾ ಇದೀನಲ್ಲ."

"ನೀವು ಪಾಪ ಅಂತ ಏಳ್ತೀರಾ. ಮಿಷನ್ನಿಗೆ ನನ್ ಮೇಲೆ ಏನ್ ಪಾಪ? ಅದು ಸುಳ್ಳೇಳಲ್ಲ ಅಂತ ನೀವೇ ಏಳಿದ್ದು."

ಅವಳು ಎದ್ದು ಹೋದ ಮೇಲೆ ಮಿಷನ್ನಿಗೆ ಬಟ್ಟೆ ಮುಚ್ಚಿ ರೈಲಿಗೆ ಹೊರಟೆ.

ಅವಳಪ್ಪ ಗಣಿಗೆ ಇಳಿಯುವುದನ್ನು ನಿಲ್ಲಿಸಿದ್ದಾನೆ. ಕೂತಲ್ಲೇ ಉಸಿರು ಸಾಲುವುದಿಲ್ಲ.

ಗಂಗರತ್ನಮ್ಮ


ಧಾರವಾಡ
೫ ಏಪ್ರಿಲ್ ೧೯೯೦

ಗಂಗರತ್ನಮ್ಮನವರೇ,

ಸಂತೋಷದ ಸುದ್ದಿ. ನಿಮ್ಮ ಕೇಂದ್ರದಿಂದ ತರಬೇತಿಗೆ ೨೨೯೦ ಆಯ್ಕೆಯಾಗಿದೆ. ಈಗ ಹೆಸರು ಕೇಳುವ ಸಮಯ ಬಂತು, ದಯವಿಟ್ಟು ಹೆಸರು, ವಿಳಾಸ ಕಳಿಸಿ. ದೆಹಲಿಯಲ್ಲಿ ನಮ್ಮ ಪ್ರಯೋಗವನ್ನು ಎಲ್ಲರೂ ಮೆಚ್ಚಿಕೊಂಡರು. ಊರಿಗಾಂನ ಉದಾಹರಣೆಯನ್ನೇ ನಾನು ಮುಂದಿಟ್ಟೆ.

ನಿಮ್ಮ ಪತ್ರಗಳು ಬಂದಾಗ ನಾನು ಊರಲ್ಲಿರಲಿಲ್ಲ. ೪೧೭೨ರ ವಿಷಯದಲ್ಲಿ ನಿಮಗೆ ಬೇಸರವಾಗಿದೆ ಎಂದು ಬಲ್ಲೆ. ಬರುವ ವರ್ಷವೂ ಸೀಟು ಇರುತ್ತದೆ. ಆ ವಿದ್ಯಾರ್ಥಿಗೆ ಇನ್ನೊಂದು ವರ್ಷ ತಾಳ್ಮೆಯಿಂದ ಕಲಿಯಲು ಹೇಳಿ.

ರಾಮಚಂದ್ರಪ್ಪ


ಬಂಗಾರಪೇಟೆ
೬ ಮೇ ೧೯೯೦

ರಾಮಚಂದ್ರಪ್ಪನವರೇ,

೨೨೯೦ರ ಹೆಸರು ಮುನಿಸ್ವಾಮಪ್ಪ. ಇಲ್ಲೇ ಕೋರಮಂಡಲ್ ಲೈನಿನ ಹುಡುಗ. ಒಳ್ಳೆಯವನು, ಕಷ್ಟಪಡುತ್ತಾನೆ. ಅವನ ಸಂತೋಷಕ್ಕೆ ನಾನು ಕಲ್ಲು ಹಾಕುವುದಿಲ್ಲ. ವಿಳಾಸ ಬೇರೆ ಹಾಳೆಯಲ್ಲಿದೆ.

ಮಾರಿಯಮ್ಮನಿಗೆ ಬರುವ ವರ್ಷ ಎಂಬುದಿಲ್ಲ. ಹೋದ ಭಾನುವಾರ ಅವಳ ಮದುವೆಯಾಯಿತು. ಗಂಡಿನದು ಕಾಮಸಮುದ್ರದ ಕಡೆ, ಇಟ್ಟಿಗೆ ಗೂಡಿನಲ್ಲಿ ಕೆಲಸ. ಮೊದಲ ಹೆಂಡತಿ ಸತ್ತಿದ್ದಾಳೆ, ಒಂದು ಕೂಸಿದೆ. ಮಾತು ನಡೆದದ್ದು ಹೋದ ದೀಪಾವಳಿಯಲ್ಲೇ. ನಾನು ಅವರ ಮನೆಗೆ ಹೋಗಿ ಕುಪ್ಪುಸ್ವಾಮಿಯ ಹತ್ತಿರ ಕಾಡಿ ಬೇಡಿದ್ದೆ. ಅವನು ಕೆಟ್ಟವನಲ್ಲ. "ಸೀಟು ಬಂದ್ರೆ ಕಳಿಸ್ತೀನಿ ಟೀಚರಮ್ಮ, ಅಲ್ಲೀಗಂಟ ಕಾಯ್ತೀನಿ. ಬರ್ದೆ ಓದ್ರೆ ನಾನು ಕಣ್ಮುಚ್ಚೋದ್ರೊಳಗೆ ಒಂದು ಮನೆ ಸೇರಿಸ್ಬೇಕು" ಎಂದು ಮಾತು ಕೊಟ್ಟ. ಮಾತಿನ ಹಾಗೆ ನಡೆದುಕೊಂಡ. ನಿಮ್ಮ ಕಾಗದ ಬಂದ ದಿನವೇ ಗಂಡಿನವರಿಗೆ ಹೇಳಿ ಕಳಿಸಿದ.

ನಾನು ಮತ್ತೆ ಹೋದೆ. ಹದಿನೆಂಟು ತುಂಬಿಲ್ಲ, ಕಾನೂನಿದೆ ಎಂದೆಲ್ಲ ಹೇಳಿದೆ. ಈ ಸಲ ಬಾಗಿಲಿಗೆ ಅಡ್ಡ ನಿಂತವಳು ಮಾರಿಯಮ್ಮನೇ. "ಬಿಡಿ ಮಿಸ್. ಓದೋ ತಲೆ ಇರೋರು ಓದ್ಲಿ" ಎಂದಳು.

ಗಂಗರತ್ನಮ್ಮ


ಧಾರವಾಡ
೨೧ ಮೇ ೧೯೯೦

ಗಂಗರತ್ನಮ್ಮನವರೇ,

ಮದುವೆಯ ವಿಷಯವನ್ನು ಆಗಲೇ ಯಾಕೆ ಬರೆಯಲಿಲ್ಲ? ನವೆಂಬರಿನಲ್ಲಿ "ಯಾಕೆ ಎಂದು ಕೇಳಬೇಡಿ" ಎಂದಿರಿ, ನಾನು ಕೇಳಲಿಲ್ಲ. ಗೊತ್ತಿದ್ದರೆ ಬೇರೇನು ಮಾಡದಿದ್ದರೂ ನಾನೇ ಬಂದು ನೋಡುತ್ತಿದ್ದೆ. ಮದುವೆ ಗೊತ್ತಾದ ಹುಡುಗಿಗೆ ಸೀಟು ಕೊಡಲಾರನು ಎಂದು ನನ್ನನ್ನೇ ಅನುಮಾನಿಸಿದಿರಾ?

ನನ್ನ ಮಟ್ಟಿಗೆ ನಾನು ನ್ಯಾಯವಾಗಿ ನಡೆದುಕೊಂಡೆ ಎಂದೇ ತಿಳಿದಿದ್ದೇನೆ. ಆದರೂ ಈ ಪತ್ರವನ್ನು ಮೂರು ಸಲ ಹರಿದು ಬರೆದೆ.

ರಾಮಚಂದ್ರಪ್ಪ


ಬಂಗಾರಪೇಟೆ
೮ ಜುಲೈ ೧೯೯೦

ರಾಮಚಂದ್ರಪ್ಪನವರೇ,

ಹೌದು, ಅನುಮಾನಿಸಿದೆ. ಹೆಣ್ಣಿನ ಮದುವೆಯ ಸುದ್ದಿ ಕೇಳಿದರೆ ಎಲ್ಲ ಬಾಗಿಲೂ ತಾವಾಗಿ ಮುಚ್ಚಿಕೊಳ್ಳುವುದನ್ನು ನಾನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ಅದನ್ನು ಬಿಡಿ. ಈಗ ಬರೆಯುವುದನ್ನು ಕೂತು ಓದಿ.

ರಜೆ ಮುಗಿದು ಸಂಜೆ ಕ್ಲಾಸು ಮತ್ತೆ ಶುರುವಾಯಿತು. ಮೊದಲ ದಿನ ಹುಡುಗರದ್ದು. ಸೀನಪ್ಪ ಬಂದ. ಮಿಷನ್ನಿನ ಮುಂದೆ ಕೂತವನು ಏನೂ ಒತ್ತದೆ ನನ್ನ ಮುಖ ನೋಡಿದ. "ಮಿಸ್, ಈಗ ಏನ್ ನಂಬರು ಒತ್ಲಿ?" ಎಂದ.

"ನಿನ್ನ ನಂಬರೇ ಒತ್ತೋ, ಮರೆತುಹೋಯ್ತಾ?"

"ಮರ್ತಿಲ್ಲ. ಅಪ್ಪ ಕೆಲ್ಸ ಬಿಟ್ಬುಟ್ನಲ್ಲ. ನಂಬರು ಕಂಪ್ನಿಗೆ ವಾಪಸ್ ಓಯ್ತು. ನಮ್ದಲ್ಲ ಅದೀಗ."

ಯಾವ ನಂಬರು ಎಂದು ಕೇಳಿದೆ. ನಾಲ್ಕು ಒಂದು ಏಳು ಎರಡು ಎಂದ.

ರಾಮಚಂದ್ರಪ್ಪನವರೇ, ಲೈನಿನಲ್ಲಿ ಮಕ್ಕಳಿಗೆ ನಂಬರಿಲ್ಲ. ಅಪ್ಪನಿಗಿದೆ, ಅದೇ ಇಡೀ ಮನೆಗೆ. ರೇಷನ್ನಿಗೆ ಅದು, ಆಸ್ಪತ್ರೆಗೆ ಅದು, ಹೆಣ ಸುಡಲು ಸೌದೆ ಬೇಕಾದರೂ ಅದು. "ನಿಮ್ಮ ನಂಬರು ಒತ್ತಿ" ಎಂದು ನಾನು ಹೇಳಿದೆ, ಅಕ್ಕನೂ ತಮ್ಮನೂ ಮನೆಯ ನಂಬರು ಒತ್ತಿದರು. ಅವಳು ಒಂದು ದಿನ ಹತ್ತಿದ್ದನ್ನು ಇವನು ಮಾರನೇ ದಿನ ಇಳಿಸಿದ. ನಿಮ್ಮ ಮಿಷನ್ನು ಇಬ್ಬರನ್ನೂ ಒಬ್ಬರೆಂದು ತಿಳಿದು, ಆ ಒಬ್ಬರಿಗೆ ಹುಚ್ಚು ಹಿಡಿದಿದೆ ಎಂದು ನಿರ್ಧರಿಸಿತು. ನಾನು ದಿನಾ ಅದೇ ಕೋಣೆಯಲ್ಲಿ ಕೂತಿದ್ದೆ. ಹಳ್ಳಿಯವಳು, ಸಂಜೆ ರೈಲು ಹಿಡಿದು ಮನೆಗೆ ಓಡುವವಳು, ನನಗೆ ತಿಳಿಯಲಿಲ್ಲ.

"ಇಳಿದರೂ ಯಾಕೋ ಹೇಳಲಿಲ್ಲ?" ಎಂದು ಸೀನಪ್ಪನನ್ನು ಕೇಳಿದೆ. "ಅಕ್ಕ ಮತ್ತೆ ಅತ್ತಿಸ್ತಾಳೆ ಅಂತ ಗೊತ್ತಿತ್ತು. ಸೀಟು ಮನೆಗಲ್ವಾ ಮಿಸ್ ಬರೋದು?" ಎಂದ. ಅವನ ಮೇಲೆ ಯಾಕೆ ಕೈ ಎತ್ತಲಿ, ಅವನು ಹೇಳಿದ್ದು ಅವನ ಲೋಕದಲ್ಲಿ ಸರಿಯೇ ಇತ್ತು.

ಇನ್ನೂ ಎರಡು ಮನೆಗಳಲ್ಲಿ ಹೀಗೇ ಆಗಿದೆ. ಅಲ್ಲಿ ಅಣ್ಣತಮ್ಮಂದಿರು ಇಬ್ಬರೂ ಒಂದೇ ಸಮ ದಡ್ಡರಾದ್ದರಿಂದ ನಿಮ್ಮ ಲೆಕ್ಕಕ್ಕೆ ಬರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನಮ್ಮತ್ತೆ ಹೇಳುತ್ತಿದ್ದರು. ನನಗೆ ಈ ಬುದ್ಧಿ ಬರದೇ ಇದ್ದಿದ್ದರೂ ಚೆನ್ನಾಗಿತ್ತು.

ಗಂಗರತ್ನಮ್ಮ


ಧಾರವಾಡ
೧೯ ಜುಲೈ ೧೯೯೦

ಗಂಗರತ್ನಮ್ಮನವರೇ,

ನಿಮ್ಮ ಪತ್ರ ಬಂದಾಗಿನಿಂದ ಕಚೇರಿಯಿಂದ ಮನೆಗೆ ಹೋಗಿಲ್ಲ. ಹಳೆಯ ಡಿಸ್ಕುಗಳನ್ನೆಲ್ಲ ತೆಗೆದು, ಹೆಣ್ಣುಮಕ್ಕಳ ದಿನಗಳನ್ನು ಒಂದು ಕಡೆ, ಹುಡುಗರ ದಿನಗಳನ್ನು ಒಂದು ಕಡೆ ಇಟ್ಟು ಮತ್ತೆ ಓಡಿಸಿದೆ. ಅವಳ ದಿನಗಳನ್ನು ಮಾತ್ರ ಜೋಡಿಸಿದರೆ, ಅಕ್ಟೋಬರ್ ಬರುವ ಮೊದಲೇ ಅವಳು ಎಂಟನೇ ಮೆಟ್ಟಿಲು ದಾಟಿರುತ್ತಿದ್ದಳು. ರಾಜ್ಯದ ಯಾವ ಕೇಂದ್ರದಲ್ಲೂ ಯಾವ ಮಗುವೂ ಹೀಗೆ ಏರಿಲ್ಲ.

ನಿರ್ದೇಶಕರ ಕಾಲು ಹಿಡಿದಿದ್ದೇನೆ. ಮುಂದಿನ ತಂಡಕ್ಕೆ ಮಾರಿಯಮ್ಮನನ್ನು ನೇರವಾಗಿ ತೆಗೆದುಕೊಳ್ಳಲು ಒಪ್ಪಿದ್ದಾರೆ, ಮದುವೆಯಾಗಿದ್ದರೂ ಸರಿ. ಗಂಡನನ್ನು ಒಪ್ಪಿಸುವುದು, ಮಗುವಿಗೆ ವ್ಯವಸ್ಥೆ ಮಾಡುವುದು ಹೇಗೆ ಎಂದು ನನಗೆ ಗೊತ್ತಿಲ್ಲ. ಅವಳ ಹೆಸರಿಗೆ ಒಂದು ಪತ್ರ ಇಟ್ಟಿದ್ದೇನೆ. ಯಂತ್ರದ್ದು ತಪ್ಪು, ನನ್ನದು ತಪ್ಪು, ನಿನ್ನದು ಏನೂ ತಪ್ಪಿಲ್ಲ ಎಂದು ಬರೆದಿದ್ದೇನೆ. ದಯವಿಟ್ಟು ಓದಿ ಹೇಳಿ. ನೀವು ಹೂಂ ಎಂದರೆ ನಾನೇ ಬಂದು ಅವಳ ಮುಂದೆ ನಿಲ್ಲುತ್ತೇನೆ.

ಅವಳ ಲೆಕ್ಕದ ಹಾಳೆಗಳು ಇಲ್ಲೇ ಇವೆ. ಇವತ್ತು ನೋಡಿದೆ.

ರಾಮಚಂದ್ರಪ್ಪ


ಬಂಗಾರಪೇಟೆ
೧೨ ಆಗಸ್ಟ್ ೧೯೯೦

ರಾಮಚಂದ್ರಪ್ಪನವರೇ,

ನೀವು ಬರುವುದು ಬೇಡ. ಯಾಕೆ ಎಂದು ಈ ಸಲ ಹೇಳುತ್ತೇನೆ.

ಹೋದ ಭಾನುವಾರ ಕಾಮಸಮುದ್ರಕ್ಕೆ ಹೋಗಿದ್ದೆ. ಗೂಡು ಸ್ಟೇಷನ್ನಿನಿಂದ ದೂರವೇನಿಲ್ಲ. ಮಾರಿಯಮ್ಮ ಹಸಿ ಇಟ್ಟಿಗೆಗಳನ್ನು ಬಿಸಿಲಿಗೆ ತಿರುವಿ ಹಾಕುತ್ತಿದ್ದಳು, ಗಂಡನ ಕೂಸು ಮರದ ನೆರಳಲ್ಲಿ ಮಲಗಿತ್ತು. ನನ್ನನ್ನು ನೋಡಿ ನಕ್ಕಳು, ನೀರು ಕೊಟ್ಟಳು. ಗಂಡ ಲಾರಿಯ ಜೊತೆ ಹೋಗಿದ್ದ. ಇದೇ ಸಮಯ ಎಂದು ಎಲ್ಲ ಹೇಳಿದೆ. ನಿಮ್ಮ ಪತ್ರವನ್ನೂ ಓದಿದೆ. ಇಟ್ಟಿಗೆ ತಿರುವುತ್ತಲೇ ಕೇಳಿದಳು.

ಕೊನೆಗೆ ಹೇಳಿದಳು, "ಸೀನನೂ ಅದೇ ಒತ್ತುತಾನೆ ಅಂತ ನಂಗ್ ಗೊತ್ತಿತ್ತು ಮಿಸ್. ಆಸ್ಪತ್ರೇಲೂ ನಮ್ಮಿಬ್ರಿಗೂ ಅದೇ ನಂಬರು. ಡಾಕ್ಟ್ರು ಮುಖ ನೋಡಿ ಅವನಿಗೊಂದು ಔಷದಿ ನಂಗೊಂದು ಔಷದಿ ಕೊಡ್ತಿದ್ರು. ಮಿಷನ್ನಿಗೂ ತಿಳೀತದೆ ಅಂದ್ಕೊಂಡೆ."

ಸೀಟಿನ ಮಾತೆತ್ತಿದೆ. ಕೂಸಿನ ಕಡೆ ನೋಡಿದಳು, ತನ್ನ ಹೊಟ್ಟೆಯ ಕಡೆ ನೋಡಿಕೊಂಡಳು. ಆಗ ನನಗೆ ತಿಳಿಯಿತು, ಮತ್ತೆ ಆ ಮಾತೆತ್ತಲಿಲ್ಲ.

"ಇದನ್ನ ಅಪ್ಪಂಗೆ ಏಳ್ಬೇಡಿ ಮಿಸ್, ಇರೋ ಉಸ್ರೂ ನಿಂತೋಗ್ತದೆ. ಸೀನಂಗೂ ಬುಡಿಸಿ ಏಳ್ಬೇಡಿ, ಉಡುಗ ಕೊರಗ್ತಾನೆ" ಎಂದಳು. ಹೇಳುವುದಿಲ್ಲ ಎಂದೆ. ಆಮೇಲೆ ತಲೆ ತಗ್ಗಿಸಿಕೊಂಡು, ಯಾರ ಮೇಲೂ ಕೋಪವಿಲ್ಲದೆ ಹೇಳಿದಳು: "ನಂಗೂ ಏಳ್ಬಾರ್ದಾಗಿತ್ತು ಮಿಸ್. ನಾನು ದಡ್ಡಿ, ನಂಗೆ ಇಷ್ಟೇ ಅಂದ್ಕೊಂಡು ಎಂಗೋ ಒಗ್ಗಿಸ್ಕೊಂಡಿದ್ದೆ. ಇನ್ನು ಎಂಗೆ ಇರ್ಲಿ ಇಲ್ಲಿ?"

ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ಬನ್ನಿ. ಅವಳಿಗೆ ನ್ಯಾಯ ಮುಟ್ಟಿಸುತ್ತೇನೆ ಎಂದು ಸೆರಗು ಕಟ್ಟಿಕೊಂಡು ಹೋದೆ, ಅವಳಿಗೆ ಉಳಿದಿದ್ದ ಒಂದು ಸಮಾಧಾನವನ್ನೂ ಕಿತ್ತುಕೊಂಡು ಬಂದೆ. ನಿಮ್ಮ ಪತ್ರವನ್ನು ವಾಪಸ್ ಕೊಟ್ಟಳು.

ನಾನು ಹೊರಡಲು ಎದ್ದೆ. ಹಿಂದಿನಿಂದ ಕರೆದು ಕೇಳಿದಳು, "ಎಂಟ್ನೇ ಮೆಟ್ಲಲ್ಲಿ ಏನ್ ಲೆಕ್ಕ ಬರ್ತಿತ್ತು ಮಿಸ್?"

ಮುನಿಸ್ವಾಮಪ್ಪ ಮಾಡುವಾಗ ನೋಡಿದ್ದು ನೆನಪಿತ್ತು. ಒಂದು ತೊಟ್ಟಿಯನ್ನು ಒಂದು ನಲ್ಲಿ ಮೂರು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಆರು ಗಂಟೆಯಲ್ಲಿ. ತಳದ ತೂತಿನಿಂದ ತುಂಬಿದ ತೊಟ್ಟಿ ನಾಲ್ಕು ಗಂಟೆಯಲ್ಲಿ ಖಾಲಿಯಾಗುತ್ತದೆ. ಮೂರನ್ನೂ ಒಟ್ಟಿಗೆ ಬಿಟ್ಟರೆ ತುಂಬಲು ಎಷ್ಟು ಹೊತ್ತು, ಎಂದೆ. ಮುನಿಸ್ವಾಮಪ್ಪನಿಗೆ ಅದಕ್ಕೆ ಒಂದು ಸಂಜೆ ಹಿಡಿದಿತ್ತು.

ಅವಳ ಕೈಯಲ್ಲಿ ಇಟ್ಟಿಗೆಯಿತ್ತು. ಕಣ್ಣು ಮುಚ್ಚಿದಳು, ತುಟಿ ಅಲ್ಲಾಡಿತು.

"ನಾಕು ಗಂಟೆ" ಎಂದಳು. ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. "ಇಷ್ಟೇನಾ ಮಿಸ್?"

ಇಷ್ಟೇ ಕಣಮ್ಮ ಎಂದೆ. ಅವಳು ಇಟ್ಟಿಗೆಯನ್ನು ಮಗ್ಗುಲು ತಿರುವಿ ಸಾಲಿನಲ್ಲಿ ಇಟ್ಟಳು. ಮುಂದಿನದಕ್ಕೆ ಬಗ್ಗಿದಳು.

ಗಂಗರತ್ನಮ್ಮ